ಅಪ್‌ಡೇಟ್: ಹಾಲು, ಬೆಣ್ಣೆ ಇಲ್ಲದ ಸೂಪ್ ಕೊನೆಗೂ ಗಟ್ಟಿಯಾಯಿತು

ಹೋದ ವಾರ ಕೇಳಿದ್ದೆನಲ್ಲ, ತಂಗಿ ಹಾಲು, ಬೆಣ್ಣೆ, ತುಪ್ಪ ಎಲ್ಲ ಬಿಟ್ಟಿದ್ದಾಳೆ, ಅವಳಿಗೆ ಮಾಡುವ ತರಕಾರಿ ಸೂಪ್ ತಿಳಿಸಾರಿನ ಹಾಗೆ ನೀರಾಗುತ್ತದೆ, ಏನು ಮಾಡಲಿ ಅಂತ. ಹೆಸರುಬೇಳೆ ಹಾಕಿ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಅದೇ ಕೈ ಹಿಡಿಯಿತು.

ಭಾನುವಾರ ತೀರ್ಥಹಳ್ಳಿಯಲ್ಲಿ ಬೆಳಗಿನಿಂದ ಬಿಡದೆ ಮಳೆ. ನಾಲ್ಕು ಜನಕ್ಕೆ ಅರ್ಧ ಲೋಟ ಹೆಸರುಬೇಳೆಯನ್ನು ಘಮ್ಮೆನ್ನುವವರೆಗೆ ಹುರಿದು, ಒಂದು ಹಿಡಿ ಸಿಹಿಗುಂಬಳದ ಹೋಳು ಸೇರಿಸಿ ಕುಕ್ಕರಿನಲ್ಲಿ 3 ವಿಷಲ್ ಕೂಗಿಸಿ, ಸೌಟಿನಲ್ಲೇ ಚೆನ್ನಾಗಿ ಮಸೆದೆ. ಮಿಕ್ಸಿಯೂ ಬೇಕಾಗಲಿಲ್ಲ. ಇನ್ನೊಂದು ಪಾತ್ರೆಯಲ್ಲಿ ಕೊಬ್ಬರಿ ಎಣ್ಣೆಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಹಾಕಿ ಬಾಡಿಸಿ, ಕ್ಯಾರೆಟ್, ಬೀನ್ಸ್ ಬೇಯಿಸಿಕೊಂಡು, ಎಲೆಕೋಸನ್ನು ಆಮೇಲೆ ಹಾಕಿದೆ, ಅದು ಬೇಗ ಮೆತ್ತಗಾಗುತ್ತದೆ ಅಲ್ವಾ.

ನನ್ನ ತಪ್ಪು ಟೊಮೆಟೊದಲ್ಲಿತ್ತು. ಮೊದಲೆಲ್ಲ ಶುರುವಿಗೇ ಹಾಕುತ್ತಿದ್ದೆ. ಹುಳಿ ಬಿದ್ದರೆ ಬೇಳೆ, ತರಕಾರಿ ಎರಡೂ ಬೇಯಲು ಜಾಸ್ತಿ ಹೊತ್ತು ಬೇಕು, ಅದಕ್ಕೇ ಕ್ಯಾರೆಟ್ ಗಟ್ಟಿಯಾಗಿ ಉಳಿಯುತ್ತಿತ್ತು. ಈ ಸಲ ಎಲ್ಲ ಬೆಂದ ಮೇಲೆ ಹಾಕಿ, ಮಸೆದ ಬೇಳೆಯನ್ನೂ ಅದಕ್ಕೇ ಸೇರಿಸಿದೆ.

ಕೊನೆಗೆ ಉರಿ ಸಣ್ಣ ಮಾಡಿ ಅರ್ಧ ಲೋಟ ದಪ್ಪ ಕಾಯಿಹಾಲು. ಜೋರಾಗಿ ಕುದಿಸಬೇಡಿ, ಒಡೆಯುತ್ತದೆ. ಮೇಲೆ ನಮ್ಮ ತೋಟದ್ದೇ ಕಾಳುಮೆಣಸು ಕುಟ್ಟಿ ಹಾಕಿದೆ.

ತಂಗಿ ಎರಡು ಬಟ್ಟಲು ಕುಡಿದಳು. ಹೊಟ್ಟೆ ತುಂಬಿತು, ಅನ್ನ ಬೇಡ ಎಂದಳು. ನನಗೆ ಅಷ್ಟೇ ಬೇಕಿತ್ತು. ಮುಂದಿನ ವಾರ ಸುವರ್ಣಗೆಡ್ಡೆ ಹಾಕಿ ಮಾಡುತ್ತೇನೆ.