ರೈಸ್ ಮಿಲ್ ಶೆಡ್ ಕೆಲಸಕ್ಕೆ ಮ್ಯಾಗ್ನೆಟಿಕ್ ಡ್ರಿಲ್: 35 ಸಾಕಾ, 50 ಬೇಕಾ?

ಗಂಗಾವತಿ_ವೆಲ್ಡರ್:

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶಾಪ್ ಇದೆ. ನಾನು, ನನ್ನ ತಮ್ಮ, ಜೊತೆಗೆ ಇಬ್ಬರು ಹುಡುಗರು. ಇಷ್ಟು ದಿನ ಗೇಟು, ಗ್ರಿಲ್ಲು, ಟ್ರೇಲರ್ ರಿಪೇರಿ ಅಂತ ನಡೀತಿತ್ತು. ಈಗ ಒಂದು ರೈಸ್ ಮಿಲ್ಲಿನ ಶೆಡ್ ಸಿಕ್ಕಿದೆ. ಕಂಬ, ರಾಫ್ಟರ್ ಎಲ್ಲಾ ಐಎಸ್‌ಎಂಬಿ 250, 250 ಎಂಎಂ ಎತ್ತರದ ಐ ಆಕಾರದ ಕಬ್ಬಿಣದ ಬೀಮ್. ಜಾಯಿಂಟ್ ಪೂರಾ ಬೋಲ್ಟು, ಎಂ20 (20 ಎಂಎಂ ದಪ್ಪ). ಅಂದರೆ 22 ಎಂಎಂ ತೂತು. ಡ್ರಾಯಿಂಗ್ ಹಿಡಿದು ಎಣಿಸಿದರೆ 600 ದಾಟುತ್ತದೆ.

ಮೊದಲ ದಿನ ಹ್ಯಾಂಡ್ ಡ್ರಿಲ್‌ನಲ್ಲೇ ಶುರು ಮಾಡಿದೆವು. 8ರ ಬಿಟ್, ಆಮೇಲೆ 13, ಆಮೇಲೆ ದೊಡ್ಡದು. ನಾಲ್ಕನೇ ತೂತಿಗೆ ಬಿಟ್ ಕಚ್ಚಿಕೊಂಡಿತು, ಮೆಷಿನ್ನೇ ತಿರುಗಿತು. ತಮ್ಮನ ಮಣಿಕಟ್ಟಿಗೆ ಮೂರು ದಿನ ಪಟ್ಟಿ. ಗ್ಯಾಸ್ ಕಟಿಂಗ್‌ನಲ್ಲಿ ಎರಡು ತೂತು ಹೊಡೆದು ತೋರಿಸಿದೆ. ಸೈಟ್ ಇಂಜಿನಿಯರ್ ನೋಡಿ "ಇದೇನು ಇಲಿ ಕಡಿದ ಹಾಗಿದೆ" ಅಂದರು. ಮುಗೀತು.

ಅಂಗಡಿಯವರು ಮ್ಯಾಗ್ನೆಟಿಕ್ ಡ್ರಿಲ್ (ಮ್ಯಾಗ್ನೆಟ್‌ನಿಂದ ಕಬ್ಬಿಣಕ್ಕೆ ಅಂಟಿ ನಿಂತು ತೂತು ಹೊಡೆಯುವ ಮೆಷಿನ್), ಅದೂ 50 ಎಂಎಂ ತೂತಿನವರೆಗೆ ಹೊಡೆಯುವುದು ತಗೊಳ್ಳಿ, ದೊಡ್ಡದು ಯಾವತ್ತೂ ಒಳ್ಳೆಯದು ಅನ್ನುತ್ತಿದ್ದಾರೆ. ಹೊಸಪೇಟೆ ಕಡೆ ಒಬ್ಬರ ಹತ್ತಿರ ಹಳೇ 35 ಎಂಎಂ ಮೆಷಿನ್ ಇದೆ, ಅರ್ಧ ರೇಟಿಗೆ ಕೊಡುತ್ತಾರಂತೆ. ನಮ್ಮಲ್ಲಿ ಕರೆಂಟ್ ಹೇಳದೆ ಹೋಗುತ್ತದೆ, ಅದೊಂದು ಭಯ ಬೇರೆ. ಬಳಸಿದವರು ಹೇಳಿ.

ಸ್ಪ್ಯಾನರ್_ಶೆಟ್ಟಿ:

35 ಸಾಕು. 22ರ ತೂತಿಗೆ 50 ಯಾಕೆ? ಸುಮ್ನೆ ಭಾರ ಹೊರಬೇಕು ಅಷ್ಟೇ. ಬೇಸ್ ಪ್ಲೇಟಿನಲ್ಲಿ ಫೌಂಡೇಶನ್ ಬೋಲ್ಟಿಗೆ 30 ಎಂಎಂ ಬಂದರೂ 35ರಲ್ಲೇ ಆಗುತ್ತದೆ.

ಪೀಣ್ಯ_ಫಿಟ್ಟರ್:

ಸೈಜಿನ ಮಾತು ಶೆಟ್ಟರು ಹೇಳಿದ್ದೇ ಸರಿ. ಆದರೆ ನಿಮ್ಮ ಕೆಲಸದಲ್ಲಿ ತೊಂದರೆ ಇರುವುದು ಬೇರೆ ಕಡೆ.

ಐಎಸ್‌ಎಂಬಿ 250ರ ಫ್ಲ್ಯಾಂಜ್ (ಮೇಲೆ ಕೆಳಗಿನ ಅಡ್ಡ ಪಟ್ಟಿ) 12.5 ಎಂಎಂ ದಪ್ಪ, ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿಯುತ್ತದೆ. ವೆಬ್ (ನಡುವಿನ ಗೋಡೆ) ಬರೀ 6.9. ಅಲ್ಲಿ ಹಿಡಿತ ತುಂಬಾ ಕಡಿಮೆ. ಮ್ಯಾಗ್ನೆಟ್ಟಿಗೆ ಎಳೆಯಲು ಕಬ್ಬಿಣದ ದಪ್ಪ ಬೇಕು. ಕೆಟಲಾಗಿನಲ್ಲಿ ಬರೆದಿರುವ ಶಕ್ತಿ ದಪ್ಪ ಪ್ಲೇಟಿನ ಮೇಲೆ ಅಳೆದದ್ದು, ತೆಳು ವೆಬ್ ಮೇಲೆ ಅಲ್ಲ.

ನನಗೆ ಇದು ಗೊತ್ತಾಗಿದ್ದು ಪೆಟ್ಟು ತಿಂದು. ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ ಹೊಸತು. ತೆಳು ವೆಬ್ ಮೇಲೆ ಮೆಷಿನ್ ಇಟ್ಟು ಹ್ಯಾಂಡಲ್ ಒತ್ತಿದೆ. ಕಟರ್ (ತೂತಿನ ಅಂಚನ್ನು ಮಾತ್ರ ಬಳೆಯ ಹಾಗೆ ಕಡಿಯುವ ಟೊಳ್ಳು ಬಿಟ್) ಕಚ್ಚಿತು, ತೂತು ಅಲ್ಲೇ ಉಳಿಯಿತು, ಮೆಷಿನ್ ಅದರ ಸುತ್ತ ಗಿರಕಿ ಹೊಡೆಯಿತು. ಹ್ಯಾಂಡಲ್ ಪಕ್ಕೆಗೆ ಬಿತ್ತು. ಕಟರಿನ ಮೂರು ಹಲ್ಲು ಹೋಯಿತು. ಅದರ ದುಡ್ಡು ಸಂಬಳದಲ್ಲಿ ಕಟ್ ಆಯಿತು, ಅದು ಪಕ್ಕೆಗಿಂತ ಜಾಸ್ತಿ ನೋವು.

ಆಮೇಲೆ ಮೇಸ್ತ್ರಿ ತೋರಿಸಿಕೊಟ್ಟ ಉಪಾಯ ಇದು. ಮ್ಯಾಗ್ನೆಟ್‌ಗಿಂತ ಸ್ವಲ್ಪ ದೊಡ್ಡದಾದ 12 ಎಂಎಂ ಪ್ಲೇಟ್ ತುಂಡು ತಗೊಳ್ಳಿ. ವೆಬ್ಬಿನ ಹಿಂಬದಿಗೆ, ಸರಿಯಾಗಿ ಮ್ಯಾಗ್ನೆಟ್ ಕೂರುವ ಜಾಗದ ಕೆಳಗೆ ಇಟ್ಟು ಸಿ ಕ್ಲ್ಯಾಂಪ್ ಹಾಕಿ. ಕಟರ್ ಬೀಳುವ ಜಾಗದ ಕೆಳಗೆ ಆ ಪ್ಲೇಟ್ ಬರಬಾರದು. ಎರಡೂ ಮೈ ಕ್ಲೀನ್ ಇರಲಿ. ನಡುವೆ ತುಕ್ಕು, ಪೇಂಟ್, ಒಂದು ಎಳೆ ಚಿಪ್ಸ್ (ಕಡಿದ ಕಬ್ಬಿಣದ ಸಿಪ್ಪೆ) ಇದ್ದರೂ ಹಿಡಿತ ಹೋಗುತ್ತದೆ. ನಾನು ಮೆಷಿನ್ ಇಡುವ ಮೊದಲು ಪ್ರತಿ ಸಲ ಅಂಗೈಯಲ್ಲಿ ಜಾಗ ಸವರುತ್ತೇನೆ. ಬಟ್ಟೆಯಲ್ಲಿ ಒರೆಸಿದರೆ ಗೊತ್ತಾಗದ್ದು ಅಂಗೈಗೆ ಗೊತ್ತಾಗುತ್ತದೆ.

ಕರೆಂಟ್ ವಿಷಯ. ಹೋದ ಕ್ಷಣವೇ ಮ್ಯಾಗ್ನೆಟ್ ಬಿಡುತ್ತದೆ. ಬೀಮ್ ನೆಲದ ಮೇಲೆ ಮಲಗಿದ್ದರೆ ಮೆಷಿನ್ ಅಲ್ಲೇ ನಿಂತಿರಬಹುದು. ನಿಂತ ಕಂಬದ ಮೇಲೆ ಅಡ್ಡ ಹಾಕಿದ್ದರೆ ಹನ್ನೆರಡು ಹದಿಮೂರು ಕೆಜಿ ನೇರ ನಿಮ್ಮ ಕಾಲಿನ ಮೇಲೆ. ಮೆಷಿನ್ ಜೊತೆ ಬರುವ ಚೈನ್ ಅಥವಾ ಬೆಲ್ಟನ್ನು ಬೀಮಿಗೆ ಬಿಗಿಯಾಗಿ ಸುತ್ತಿ. ಸಡಿಲ ಇದ್ದರೆ ಅದು ಬಿದ್ದ ಮೇಲೆ ಹಿಡಿಯುತ್ತದೆ, ಏನು ಪ್ರಯೋಜನ? ಆದಷ್ಟು ತೂತು ಶಾಪಿನಲ್ಲೇ, ಬೀಮ್ ಮಲಗಿಸಿ ಹೊಡೆದುಬಿಡಿ. ಇನ್ನೊಂದು, ಡ್ರಿಲ್ ಕೂತಿರುವ ಬೀಮಿನ ಮೇಲೆ ಅದೇ ಹೊತ್ತಿಗೆ ನಿಮ್ಮ ತಮ್ಮ ವೆಲ್ಡಿಂಗ್ ಹಚ್ಚಬಾರದು. ವೆಲ್ಡಿಂಗ್ ಕರೆಂಟು ಡ್ರಿಲ್ಲಿನ ಅರ್ಥ್ ವೈರ್ ಹಿಡಿದು ಹೋದರೆ ಮೆಷಿನ್ ಸುಡುತ್ತದೆ.

ಸ್ಪ್ಯಾನರ್_ಶೆಟ್ಟಿ:

ಕಟರ್ ಕಾರ್ಬೈಡ್ (ತುಂಬಾ ಗಡಸು ಹಲ್ಲಿನದು) ತಗೊಳ್ಳಿ, 600 ತೂತಿಗೆ ಅದೇ ಒಳ್ಳೆಯದು.

ಪೀಣ್ಯ_ಫಿಟ್ಟರ್:

ಇದನ್ನು ನಾನು ಒಪ್ಪಲ್ಲ ಶೆಟ್ಟರೇ. ಕಾರ್ಬೈಡ್ ವೇಗವಾಗಿ ಕಡಿಯುತ್ತದೆ, ನಿಜ. ಆದರೆ ಮೆಷಿನ್ ಸ್ವಲ್ಪ ಅಲುಗಾಡಿದರೆ ಹಲ್ಲು ಚಕ್ಕೆ ಏಳುತ್ತದೆ. ಇವರದು ಹೊಸ ಕೈ. ಮೊದಲು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕಟರಿನಲ್ಲಿ ಕೈ ಪಳಗಲಿ. ಅದಕ್ಕೆ ಮತ್ತೆ ಸಾಣೆ ಹಿಡಿಸಲೂಬಹುದು. 22 ಎಂಎಂ ಅಗಲ, 25 ಎಂಎಂ ಆಳದ್ದು ಸಾಕು. 50 ಆಳದ್ದು ನಿಮಗೆ ದಂಡ. ಶ್ಯಾಂಕ್ (ಮೆಷಿನ್ನಿಗೆ ಸಿಗಿಸುವ ಕಟರಿನ ಹಿಡಿ) ವೆಲ್ಡನ್ ಅನ್ನುವ ನಮೂನೆಯದು, 19.05 ಎಂಎಂ. ಮೆಷಿನ್ ಯಾವುದು ತಗೊಂಡರೂ ಇದೇ ಶ್ಯಾಂಕ್ ಹಿಡಿಯುತ್ತದಾ ಅಂತ ಕೇಳಿ. ಪೈಲಟ್ ಪಿನ್ (ಕಟರಿನ ನಡುವೆ ಕೂತು ಸೆಂಟರ್ ತೋರಿಸುವ ಕಡ್ಡಿ) ಬೇರೆ ಕೊಳ್ಳಬೇಕಾಗಬಹುದು, ಅದೂ ಕಟರಿನ ಉದ್ದಕ್ಕೆ ಸರಿಯಾದದ್ದೇ ಬೇಕು.

ಸ್ಪೀಡ್ 350ರಿಂದ 400 ಆರ್‌ಪಿಎಂ. ಸೆಂಟರ್ ಪಂಚ್ ಹೊಡೆದ ಗುಳಿಯಲ್ಲಿ ಪಿನ್ ಕೂರಿಸಿ ನಿಧಾನ ಇಳಿಸಿ. ಬಳೆಯ ಹಾಗೆ ಒಂದು ಗೆರೆ ಮೂಡುವವರೆಗೆ ಅವಸರ ಬೇಡ. ಆಮೇಲೆ ಒಂದೇ ಸಮ ಒತ್ತಿ, ನಡುವೆ ಎತ್ತಿ ಎತ್ತಿ ಹಾಕಬೇಡಿ. ಆಯಿಲ್ ನಿಲ್ಲಬಾರದು. ಚಿಪ್ಸ್ ಬೆಳ್ಳಗೆ ಸುರುಳಿ ಬಂದರೆ ಸರಿ. ನೀಲಿಗೆ ತಿರುಗಿದರೆ ಸ್ಪೀಡ್ ಜಾಸ್ತಿ ಅಥವಾ ಎಣ್ಣೆ ಕಡಿಮೆ. ಪುಡಿ ಪುಡಿ ಬಂದರೆ ನೀವು ಹೆದರಿ ಒತ್ತುತ್ತಿಲ್ಲ ಅಂತ ಅರ್ಥ.

ಕೊನೆಗೆ ನಡುವಿನ ಬಿಲ್ಲೆಯನ್ನು ಪಿನ್ ಟಪ್ ಅಂತ ಕೆಳಗೆ ತಳ್ಳುತ್ತದೆ. ಬಿಸಿ ಇರುತ್ತದೆ, ಕೆಳಗೆ ಯಾರೂ ನಿಂತಿರಬಾರದು. ಬಿಲ್ಲೆ ಒಳಗೇ ಸಿಕ್ಕಿದ್ದರೆ ತೆಗೆಯದೆ ಮುಂದಿನ ತೂತಿಗೆ ಹೋಗಬೇಡಿ. ಎರಡು ಪ್ಲೇಟ್ ಒಟ್ಟಿಗೆ ಜೋಡಿಸಿ ಹೊಡೆಯುವ ಆಸೆಯೂ ಬೇಡ. ಮೇಲಿನ ಪ್ಲೇಟಿನ ಬಿಲ್ಲೆ ಕಟರಿನೊಳಗೆ ಉಳಿದು ಕೆಳಗಿನದನ್ನು ಕಡಿಯಲು ಬಿಡುವುದಿಲ್ಲ. ಕೈಗೆ ಗ್ಲೌಸ್ ಹಾಕಬೇಡಿ, ಸುರುಳಿ ಚಿಪ್ಸ್ ಗ್ಲೌಸ್ ಸಮೇತ ಎಳೆದುಕೊಳ್ಳುತ್ತದೆ. ಕಣ್ಣಿಗೆ ಮಾತ್ರ ಗ್ಲಾಸ್ ಇರಲೇಬೇಕು.

ಹಳೇ ಮೆಷಿನ್ ನೋಡಲು ಹೋಗುವಾಗ ಒಂದು ದಪ್ಪ ಪ್ಲೇಟ್, ಒಂದು ಒಳ್ಳೆ ಕಟರ್ ಜೊತೆಗೆ ಒಯ್ಯಿರಿ. ಮ್ಯಾಗ್ನೆಟ್ ತಳ ತಿರುಗಿಸಿ ನೋಡಿ, ಗುಳಿ ಬಿದ್ದಿದ್ದರೆ ಬೇಡ. ಸ್ಪಿಂಡಲ್ (ಕಟರ್ ಹಿಡಿದು ತಿರುಗುವ ದಂಡ) ಹಿಡಿದು ಅಲುಗಾಡಿಸಿ, ಆಟ ಇರಬಾರದು. ಮೋಟಾರ್ ಮೇಲೆ ಕೆಳಗೆ ಜಾರುವ ಸ್ಲೈಡಿನ ಆಟವಾದರೆ ಸ್ಕ್ರೂ ಬಿಗಿ ಮಾಡಿ ಸರಿಪಡಿಸಬಹುದು, ಸ್ಪಿಂಡಲ್ ಬೇರಿಂಗ್ ಹೋಗಿದ್ದರೆ ಖರ್ಚು. ಮ್ಯಾಗ್ನೆಟ್ ಆಫ್ ಇದ್ದಾಗ ಮೋಟಾರ್ ಸ್ವಿಚ್ ಒತ್ತಿ. ಮ್ಯಾಗ್ನೆಟ್ ಹಿಡಿಯದೆ ಮೋಟಾರ್ ತಿರುಗಬಾರದು, ತಿರುಗಿದರೆ ಅಲ್ಲಿಂದ ಎದ್ದು ಬನ್ನಿ.

ಗಂಗಾವತಿ_ವೆಲ್ಡರ್:

ಅಣ್ಣಾ, ಮೊನ್ನೆ ಹೊಸಪೇಟೆಗೆ ಹೋಗಿ ಬಂದೆ. ಮ್ಯಾಗ್ನೆಟ್ ಆಫ್ ಇಟ್ಟು ಸ್ವಿಚ್ ಒತ್ತಿದರೆ ಮೋಟಾರ್ ಗಿರ್ ಅಂತ ತಿರುಗಿತು. "ಸ್ವಿಚ್ಚು ನಾವೇ ನೇರ ಮಾಡಿಸಿದ್ದು, ಸಲೀಸು ಅಲ್ವಾ" ಅಂದರು. ಟೀ ಕುಡಿದು ಬಂದೆ.

ಕೊನೆಗೆ ಹೊಸ 35 ಎಂಎಂ ತಗೊಂಡೆವು, ಎರಡು ಎಚ್‌ಎಸ್‌ಎಸ್ ಕಟರ್ ಜೊತೆಗೆ. ನಮ್ಮದು ಜಿಎಸ್‌ಟಿ ನಂಬರ್ ಇರುವುದರಿಂದ ಬಿಲ್ ಸಮೇತ ತಂದೆ, ಕೊಟ್ಟ ಟ್ಯಾಕ್ಸ್ ಲೆಕ್ಕಕ್ಕೆ ವಾಪಸ್ ಬರುತ್ತದೆ ಅಂತ ಆಡಿಟರ್ ಹೇಳಿದ್ದಾರೆ. ನಿನ್ನೆ ಒಂದೇ ದಿನ ಫ್ಲ್ಯಾಂಜಿನಲ್ಲಿ 64 ತೂತು ಆಯಿತು. ವೆಬ್ಬಿಗೆ ಪ್ಲೇಟ್ ಕಟ್ ಮಾಡಿ ಇಟ್ಟಿದ್ದೇನೆ, ನಾಳೆ ಶುರು.

ಮೊದಲ ಬಿಲ್ಲೆ ಬಿದ್ದ ಕೂಡಲೇ ತಮ್ಮ ಖುಷಿಯಲ್ಲಿ ಬರಿಗೈಯಲ್ಲಿ ಎತ್ತಿಕೊಂಡು ಬೆರಳು ಸುಟ್ಟುಕೊಂಡ. ನೀವು ಬರೆದಿದ್ದನ್ನು ನಾನು ಓದಿದ್ದೆ, ಅವನಿಗೆ ಹೇಳಿರಲಿಲ್ಲ. ಈಗ ಮಣಿಕಟ್ಟಿನ ಪಟ್ಟಿ ಬಿಚ್ಚಿ ಬೆರಳಿಗೆ ಕಟ್ಟಿದ್ದಾನೆ, ನನ್ನ ಜೊತೆ ಮಾತು ಬಿಟ್ಟಿದ್ದಾನೆ.