ಗಿಳಿಯ ಖರ್ಚು ಕಾಳಿನದಲ್ಲ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ವಾಯ್ಸ್ ಮೆಸೇಜ್. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳಿಸಿಕೊಳ್ಳಿ. ಸುಧಾ ಚಿಕ್ಕಮ್ಮ ಬೆಳಿಗ್ಗೆ ನಮ್ಮ ಮನೆಯವರ ಗ್ರೂಪಿಗೆ ಹಾಕಿದ್ದು ನೋಡಿದೆ. ಅಜ್ಜಿಯ ವರ್ಷದ ತಿಥಿಗೆ ಬಂದವರಿಗೆಲ್ಲ ಸ್ಟೀಲ್ ಡಬ್ಬಿ ಹಂಚುವುದು ಬೇಡ, ಆ ದುಡ್ಡನ್ನು ಗಿಳಿ ನೋಡಿಕೊಳ್ಳುವ ಕೇಂದ್ರಕ್ಕೆ ಕೊಟ್ಟು ಅಜ್ಜಿ ಹೆಸರಲ್ಲಿ ಒಂದು ಗಿಳಿಯನ್ನು ದತ್ತು ತಗೊಳ್ಳೋಣ ಅಂತ. ಅಂದರೆ ಗಿಳಿ ಅಲ್ಲೇ ಇರುತ್ತದೆ, ಅದರ ಖರ್ಚು ನಮ್ಮದು. ಅದಕ್ಕೆ ರಘು ಮಾವ, "ಗಿಳಿ ತಿನ್ನುವುದು ಒಂದು ಹಿಡಿ ಕಾಳು, ಅದಕ್ಕೆ ಅಷ್ಟು ದುಡ್ಡು ಯಾಕೆ? ಪಂಜರದ ಬಾಗಿಲು ತೆಗೆದರೆ ಪುಣ್ಯವೂ ಬಂತು, ಖರ್ಚೂ ಉಳಿಯಿತು" ಅಂದಿದ್ದಾರೆ. ಕೆಳಗೆ ಸಾಲಾಗಿ ನಗುವ ಮುಖಗಳು. ನಾನೂ ನಕ್ಕೆ ಮಾವ. ಆದರೆ ಉತ್ತರ ಕೊಡಲೇಬೇಕು.

ಮೊದಲು ಬಾಗಿಲು ತೆಗೆಯುವ ವಿಷಯ. ಎಲ್ಲ ಗಿಳಿಗೂ ಒಂದೇ ಉತ್ತರ ಇಲ್ಲ. ನಮ್ಮ ಕಡೆಯ ಹಸಿರು ಗಿಳಿ ಕಾಡುಹಕ್ಕಿ, ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತದೆ. ಗರಿ ಕೂಡ ಬಂದಿರದ ಮರಿಗಳನ್ನು ಪೊಟರೆಗೆ ಕೈ ಹಾಕಿ ತೆಗೆದು ಮಾರುತ್ತಾರೆ. 1972ರ ವನ್ಯಜೀವಿ ಕಾಯ್ದೆ ಇದೆ, ನಮ್ಮ ದೇಶದ ಹಕ್ಕಿಗಳ ವ್ಯಾಪಾರ 1990ರ ದಶಕದ ಶುರುವಿನಿಂದಲೇ ಪೂರ್ತಿ ಬಂದ್. ಆದರೂ ಮಾರುವವರು ಮಾರುತ್ತಾರೆ, ಕೊಳ್ಳುವವರು ಕೊಳ್ಳುತ್ತಾರೆ. ಅರಣ್ಯ ಇಲಾಖೆಯವರು ಹಿಡಿದಾಗ ಆ ಮರಿಗಳು ಕೇಂದ್ರಕ್ಕೆ ಬರುತ್ತವೆ. ಅವಕ್ಕೆ ಕೈಯಲ್ಲಿ ಗುಟುಕು ಕೊಟ್ಟು, ಆಮೇಲೆ ಮನುಷ್ಯರ ಸಹವಾಸ ಕಡಿಮೆ ಮಾಡಿ, ಬೇರೆ ಗಿಳಿಗಳ ಜೊತೆ ದೊಡ್ಡ ಜಾಲರಿ ಮನೆಯಲ್ಲಿ ಹಾರುವುದು ಕಲಿಸಿ, ಬಿಟ್ಟುಬಿಡುತ್ತಾರೆ. ಅಲ್ಲಿ ಮಾವ ಹೇಳಿದ್ದೇ ಸರಿ. ಆ ಮರಿಗಳಿಗೆ ದತ್ತು ಬೇಕಿಲ್ಲ, ಕೆಲವು ತಿಂಗಳ ಆರೈಕೆ ಸಾಕು.

ಕಷ್ಟ ಇರುವುದು ಉಳಿದವುಗಳದ್ದು. ವರ್ಷಗಟ್ಟಲೆ ಒಂದಡಿ ಪಂಜರದಲ್ಲಿ ಇದ್ದವು, ಗಿಣಿಶಾಸ್ತ್ರದವರ ಹತ್ತಿರ ಚೀಟಿ ಎತ್ತಿದವು. ಗರಿ ಕತ್ತರಿಸಿದ್ದರೆ ಪರವಾಗಿಲ್ಲ, ಗರಿ ಉದುರಿ ಹೊಸದು ಬರುತ್ತದೆ. ರೆಕ್ಕೆಯ ತುದಿಯ ಮೂಳೆಯನ್ನೇ ಕತ್ತರಿಸಿದ್ದರೆ ಆ ಹಕ್ಕಿ ಜನ್ಮದಲ್ಲಿ ಹಾರುವುದಿಲ್ಲ. ರೆಕ್ಕೆ ಸರಿ ಇದ್ದರೂ ಹಾರಿ ಅಭ್ಯಾಸವಿಲ್ಲದೆ ಎದೆಯ ಮಾಂಸಖಂಡ ಸೊರಗಿರುತ್ತದೆ. ಗಿಡುಗ ಬಂದರೆ ತಪ್ಪಿಸಿಕೊಳ್ಳುವುದು ಗೊತ್ತಿಲ್ಲ, ಹಣ್ಣು ಹುಡುಕುವುದು ಗೊತ್ತಿಲ್ಲ. ಹಸಿವಾದರೆ ಯಾರದೋ ಬಾಲ್ಕನಿಗೆ ಇಳಿದು "ಮಿಟ್ಟು" ಅನ್ನುತ್ತದೆ, ಅವರು ಹಿಡಿದು ಮತ್ತೆ ಪಂಜರಕ್ಕೆ ಹಾಕುತ್ತಾರೆ. ಇನ್ನು ಆಫ್ರಿಕನ್ ಗ್ರೇ, ಮಕಾವ್, ಕಾಕಟೂ ಅನ್ನುವ ಗಿಳಿ ಜಾತಿಗಳೆಲ್ಲ ಈ ನೆಲದವೇ ಅಲ್ಲ. ಅವನ್ನು ಬೆಂಗಳೂರಿನ ಆಕಾಶಕ್ಕೆ ಬಿಟ್ಟರೆ ಅವೂ ಬದುಕುವುದು ಕಷ್ಟ, ಜೊತೆಗೆ ನಮ್ಮ ಕಾಡು ಗಿಳಿಗಳಿಗೆ ರೋಗ ಅಂಟಿಸಿದರೂ ಅಂಟಿಸಿದವೇ. ಕೊಕ್ಕು ಮತ್ತು ಗರಿಗೆ ಬರುವ ಒಂದು ವೈರಸ್ ರೋಗ ಇದೆ. ಗರಿ ಉದುರುತ್ತದೆ, ಕೊಕ್ಕು ವಿಕಾರವಾಗುತ್ತದೆ. ಅದಕ್ಕೆ ಮದ್ದಿಲ್ಲ. ಹಾಗಾಗಿ ಪುಣ್ಯದ ಲೆಕ್ಕ ಅಷ್ಟು ಸುಲಭ ಅಲ್ಲ ಮಾವ.

ಈಗ ಒಂದು ಹಿಡಿ ಕಾಳಿನ ವಿಷಯ. ನಾನು ಬಿಡುವಾದಾಗ ಭಾನುವಾರ ಒಂದು ಕೇಂದ್ರಕ್ಕೆ ಹೋಗುತ್ತೇನೆ, ನಿಮಗೆಲ್ಲ ಗೊತ್ತು. ನನ್ನ ಕೆಲಸ ಜಾಸ್ತಿ ಏನಿಲ್ಲ, ತರಕಾರಿ ಹೆಚ್ಚುವುದು, ತಟ್ಟೆ ತೊಳೆಯುವುದು. ಕ್ಯಾರೆಟ್, ಸಿಹಿಕುಂಬಳ, ಪಪ್ಪಾಯ, ನುಗ್ಗೆಸೊಪ್ಪು, ಮೊಳಕೆ ಕಾಳು. ಜನ ಮನೆಯಲ್ಲಿ ಬರೀ ಸೂರ್ಯಕಾಂತಿ ಬೀಜ ಹಾಕಿ ಸಾಕಿರುತ್ತಾರೆ. ಅದರಲ್ಲಿ ಕೊಬ್ಬು ಜಾಸ್ತಿ, ಎ ವಿಟಮಿನ್ ಇಲ್ಲವೇ ಇಲ್ಲ ಅನ್ನಬಹುದು. ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು, ಕೊಕ್ಕು ಅಡ್ಡಾದಿಡ್ಡಿ ಬೆಳೆದು ಬರುತ್ತವೆ. ತರಕಾರಿ ತೋರಿಸಿದರೆ ಮುಖ ತಿರುಗಿಸುತ್ತವೆ. ಅಭ್ಯಾಸ ಮಾಡಿಸುವುದಕ್ಕೇ ತಿಂಗಳುಗಟ್ಟಲೆ ಬೇಕು. ನಮ್ಮ ಮನೆ ಮಕ್ಕಳ ಹಾಗೇ, ಬಿಡಿ.

ಅಲ್ಲಿ ಒಂದು ದೊಡ್ಡ ಜಾತಿಯ ಹಸಿರು ಗಿಳಿ ಇದೆ, ಹೆಗಲ ಮೇಲೆ ಕೆಂಪು ಪಟ್ಟಿ ಇರುತ್ತದಲ್ಲ, ಅದು. ಕ್ಯಾಪ್ಸಿಕಂ ಕೊಟ್ಟರೆ ಎಡಗಾಲಲ್ಲಿ ಎತ್ತಿ ಹಿಡಿದು, ಒಳಗಿನ ಬೀಜವನ್ನು ಒಂದೊಂದೇ ಕೆದಕಿ ತಿಂದು, ಉಳಿದದ್ದನ್ನು ಕೆಳಗೆ ಎಸೆಯುತ್ತದೆ. ಹಸಿಮೆಣಸಿನಕಾಯಿ ಅಂದರೆ ಪ್ರಾಣ. ಹಕ್ಕಿಗಳಿಗೆ ಖಾರ ಹತ್ತುವುದಿಲ್ಲ, ಅದು ನಮ್ಮಂಥ ಸಸ್ತನಿಗಳಿಗೆ. ನೋಡಿದವರು ಚಂದ ಅನ್ನುತ್ತಾರೆ, ಆದರೆ ಎದೆಯ ಕಡೆ ನೋಡಬೇಕು. ಕುತ್ತಿಗೆಯಿಂದ ಕೆಳಗೆ ಗರಿಯೇ ಇಲ್ಲ, ಬರೀ ಬೂದು ಚರ್ಮ. ತಲೆಯ ಮೇಲೆ ಮಾತ್ರ ಗರಿ ಪೂರ್ತಿ ಇದೆ, ಯಾಕೆಂದರೆ ಅದರ ಕೊಕ್ಕು ಅಲ್ಲಿಗೆ ತಲುಪುವುದಿಲ್ಲ. ತನ್ನ ಗರಿಯನ್ನು ತಾನೇ ಕಿತ್ತುಕೊಂಡಿದೆ. ಗುಂಪಲ್ಲಿ ಬದುಕುವ ಹಕ್ಕಿಯನ್ನು ಒಂಟಿಯಾಗಿ ಇಟ್ಟರೆ ಹೀಗಾಗುವುದುಂಟು. ಅದರ ಪಕ್ಕದ ಜಾಲರಿ ಮನೆಯಲ್ಲಿ ಒಂದು ಆಫ್ರಿಕನ್ ಗ್ರೇ. ಅದು ಕುಕ್ಕರ್ ಸೀಟಿ ಹೊಡೆಯುತ್ತದೆ, ಕಾಲಿಂಗ್ ಬೆಲ್ ಬಾರಿಸುತ್ತದೆ, ಆಮೇಲೆ ಹೆಂಗಸಿನ ದನಿಯಲ್ಲಿ "ಪುಟ್ಟಿ, ಬಾಗಿಲು ತೆಗಿ" ಅನ್ನುತ್ತದೆ. ಯಾರ ಮನೆಯ ಪುಟ್ಟಿಯೋ ಏನೋ. ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಒಂದು ಗಿಳಿ ಧಾಮಕ್ಕೆ 2020ರಲ್ಲಿ ಒಂದೇ ವಾರದಲ್ಲಿ ಐದು ಗ್ರೇ ಗಿಳಿಗಳು ಬೇರೆ ಬೇರೆ ಮನೆಗಳಿಂದ ಬಂದವಂತೆ. ಕ್ವಾರಂಟೈನ್‌ನಲ್ಲಿ ಒಟ್ಟಿಗೆ ಇಟ್ಟಿದ್ದೇ ತಡ, ಒಂದಕ್ಕೊಂದು ಕೆಟ್ಟ ಬೈಗುಳ ಬೈದುಕೊಂಡು ನಗಾಡುವುದಕ್ಕೆ ಶುರು ಮಾಡಿದವು. ಕೊನೆಗೆ ಮಕ್ಕಳು ಬರುವ ಜಾಗದಿಂದ ಅವನ್ನು ದೂರ ಸಾಗಿಸಬೇಕಾಯಿತು. ಹೋಗಲಿ, ವಿಷಯಕ್ಕೆ ಬರುತ್ತೇನೆ.

ಖರ್ಚು ಎಲ್ಲಿ ಅಂದರೆ, ಮೊದಲನೆಯದು ಡಾಕ್ಟರ್. ಹಕ್ಕಿ ಗೊತ್ತಿರುವ ಪಶುವೈದ್ಯರು ಕಡಿಮೆ. ಕೊಕ್ಕು ಟ್ರಿಮ್ ಮಾಡುವುದಕ್ಕೂ ಕೆಲವು ಸಲ ಮತ್ತಿನ ಗ್ಯಾಸ್ ಕೊಡಬೇಕಾಗುತ್ತದೆ. ಹೊಸ ಹಕ್ಕಿ ಬಂದರೆ ಬೇರೆ ಇಡಬೇಕು, ರಕ್ತ ಪರೀಕ್ಷೆ ಮಾಡಿಸಬೇಕು, ಯಾಕೆಂದರೆ ಗಿಳಿಯಿಂದ ಮನುಷ್ಯರಿಗೇ ಬರುವ ಶ್ವಾಸಕೋಶದ ಸೋಂಕು ಕೂಡ ಇದೆ. ಎರಡನೆಯದು ಜಾಲರಿ. ಸಾಮಾನ್ಯ ಸತು ಲೇಪದ ತಂತಿ ಹಾಕಿದರೆ ಗಿಳಿ ದಿನವಿಡೀ ಕಚ್ಚಿ ಕಚ್ಚಿ ಸತು ಹೊಟ್ಟೆಗೆ ಹೋಗಿ ವಿಷವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ಕ್ಷೇಮ, ಅದರ ರೇಟು ಮಾವನಿಗೆ ನಾನು ಹೇಳಬೇಕಾಗಿಲ್ಲ, ಸೈಟಿಗೆ ಗ್ರಿಲ್ ಹಾಕಿಸಿದ್ದಾರೆ. ಮೂರನೆಯದು ಸಂಬಳ. ಹಬ್ಬ ಇರಲಿ, ಮಳೆ ಇರಲಿ, ದಿನಾ ಬೆಳಿಗ್ಗೆ ಯಾರಾದರೂ ಬಂದು ಗುಡಿಸಿ, ನೀರು ಬದಲಿಸಿ, ಯಾವ ಹಕ್ಕಿ ಮಂಕಾಗಿದೆ ನೋಡಬೇಕು. ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ದಿನಾ ನೋಡುವವರಿಗೆ ಮಾತ್ರ ಗೊತ್ತಾಗುತ್ತದೆ.

ಚಿಕ್ಕಮ್ಮ, ನಾನು ಒತ್ತಿ ಹೇಳಬೇಕು ಅಂದುಕೊಂಡಿದ್ದು ಇದು. ಗಿಳಿಯ ಆಯಸ್ಸು. ನಮ್ಮ ಹಸಿರು ಗಿಳಿ ಚೆನ್ನಾಗಿ ನೋಡಿಕೊಂಡರೆ 20, 25 ವರ್ಷ. ಆಫ್ರಿಕನ್ ಗ್ರೇ 40, 50. ದೊಡ್ಡ ಮಕಾವ್, ಕಾಕಟೂ ಇನ್ನೂ ಜಾಸ್ತಿ. ಶಿಕಾಗೋ ಹತ್ತಿರದ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿ ಕುಕೀ ಅಂತ ಒಂದು ಕಾಕಟೂ ಇತ್ತು. 1934ರಲ್ಲಿ ಮೃಗಾಲಯ ಶುರುವಾದಾಗ ಒಂದು ವರ್ಷದ ಮರಿ, ತೀರಿಕೊಂಡಿದ್ದು 2016ರಲ್ಲಿ, 83ನೇ ವಯಸ್ಸಿಗೆ. ಮೊದಲ ನಲವತ್ತು ವರ್ಷ ಅದಕ್ಕೂ ಬರೀ ಬೀಜವೇ ಊಟ, ಕೊನೆಗಾಲದಲ್ಲಿ ಮೂಳೆ ಸವೆದು ಒದ್ದಾಡಿತು. ಅಂದರೆ ನಾವು ಈಗ ದತ್ತು ತಗೊಳ್ಳುವ ಗಿಳಿಯನ್ನು ನಮ್ಮ ಮಕ್ಕಳು ನೋಡಿಕೊಳ್ಳಬೇಕಾಗಬಹುದು. ತಿಥಿಯ ದಿನ ಒಂದು ದೊಡ್ಡ ಚೆಕ್ ಕೊಟ್ಟು ಫೋಟೋ ತೆಗೆಸಿಕೊಂಡರೆ ಮುಗಿಯುವ ಕೆಲಸ ಅಲ್ಲ ಇದು.

ಇನ್ನೊಂದು ಸಂಗತಿ ನನ್ನನ್ನು ಸುಮ್ನೆ ಬಿಟ್ಟಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೂಂಬ್ಸ್ ಅಂತ ಒಂದು ಊರು. ಅಲ್ಲಿ ವೆಂಡಿ ಹಂಟ್‌ಬ್ಯಾಚ್ ಅನ್ನುವ ಹೆಂಗಸು ವರ್ಲ್ಡ್ ಪ್ಯಾರಟ್ ರೆಫ್ಯೂಜ್ ಅಂತ ನಡೆಸುತ್ತಿದ್ದರು. 2016ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಆ ಜಾಗ ಮುಚ್ಚಿತು, ಐನೂರಕ್ಕೂ ಹೆಚ್ಚು ಗಿಳಿಗಳಿಗೆ ಮನೆ ಹುಡುಕುವ ಪಾಡು ಬೇರೆಯವರಿಗೆ ಬಂತು. ಒಬ್ಬರ ಪ್ರೀತಿಯ ಮೇಲೆ ನಿಂತ ಜಾಗ ಆ ಒಬ್ಬರ ಜೊತೆಗೇ ಬೀಳುತ್ತದೆ. ಹಾಗಾಗಿ ಯಾವ ಕೇಂದ್ರವೇ ಆಗಲಿ, ನಾನು ಕೇಳುವ ಮೊದಲ ಪ್ರಶ್ನೆ "ನೀವು ಇಲ್ಲದಿದ್ದರೆ ಯಾರು?" ಅನ್ನುವುದು. ಕೇಳುವುದಕ್ಕೆ ಮುಜುಗರ, ಆದರೂ ಕೇಳುತ್ತೇನೆ. ಟ್ರಸ್ಟಿಗಳು ಎಷ್ಟು ಜನ, ಆಪತ್ಕಾಲಕ್ಕೆ ದುಡ್ಡು ಎತ್ತಿಟ್ಟಿದ್ದಾರಾ, ಜಾಗ ಸ್ವಂತದ್ದಾ ಬಾಡಿಗೆಯದ್ದಾ. ಎರಡನೇ ಪ್ರಶ್ನೆ, ಮರಿ ಮಾಡಿಸುತ್ತೀರಾ? ಮಾರುತ್ತೀರಾ? ಹೌದು ಅಂದರೆ ಅದು ಆಶ್ರಯ ಅಲ್ಲ, ಅಂಗಡಿ. ಹೆಗಲ ಮೇಲೆ ಮಕಾವ್ ಕೂರಿಸಿ ಫೋಟೋಗೆ ಟಿಕೆಟ್ ತಗೊಳ್ಳುವ ಜಾಗಕ್ಕೂ ನನ್ನ ಓಟಿಲ್ಲ.

ಭಾವ ಕೇಳಿದ್ದರು, ಮೈಸೂರಲ್ಲೇ ಇದ್ದುಕೊಂಡು ದೂರ ಯಾಕೆ ಹುಡುಕಬೇಕು ಅಂತ. ನಿಜ. ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ದತ್ತ ಪೀಠದ ಆಶ್ರಮದಲ್ಲಿ ಶುಕವನ ಅನ್ನುವ ಗಿಳಿಧಾಮ ಇದೆ, 2017ರಲ್ಲಿ 468 ಜಾತಿಯ ಹಕ್ಕಿಗಳಿಗೆ ಗಿನ್ನಿಸ್ ದಾಖಲೆ ಬಂದದ್ದು ಅದಕ್ಕೇ. ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ, ಅಷ್ಟು ಬಗೆಯ ಗಿಳಿ ಒಂದೇ ಜಾಗದಲ್ಲಿ ನಮ್ಮ ಕಡೆ ಬೇರೆಲ್ಲೂ ನೋಡಲು ಸಿಗುವುದು ಕಷ್ಟ. ನಮ್ಮ ಮೃಗಾಲಯದಲ್ಲೂ ಪ್ರಾಣಿ ದತ್ತು ಯೋಜನೆ ಇದೆ. 1892ರಿಂದ ಇರುವ ಸಂಸ್ಥೆ, ಈಗ ಸರ್ಕಾರದ ಪ್ರಾಧಿಕಾರದ ಕೈಯಲ್ಲಿದೆ, ನಾಳೆ ಮುಚ್ಚುತ್ತದೆ ಅನ್ನುವ ಭಯ ಇಲ್ಲ. ಜವಾಬ್ದಾರಿ ಬೇಡ, ರಸೀದಿ ಸಾಕು ಅನ್ನುವವರಿಗೆ ಅದೇ ಒಳ್ಳೆಯದು. ಆದರೆ ನನ್ನ ಮನಸ್ಸು ನಾನು ಹೋಗುವ ಸಣ್ಣ ಕೇಂದ್ರದ ಕಡೆಗೇ. ಅಲ್ಲಿ ತಿಂಗಳಿಗೆ ಮೂರು ನಾಲ್ಕು ಸಾವಿರ ತಪ್ಪದೆ ಬಂದರೆ ಅವರಿಗೆ ಅದು ಗೊತ್ತಾಗುತ್ತದೆ. ದೊಡ್ಡ ಕಡೆ ಅದು ಲೆಕ್ಕದಲ್ಲಿ ಕರಗಿಹೋಗುತ್ತದೆ.

ಗಿಳಿಯ ಹತ್ತಿರ ಅಜ್ಜಿ ಹೆಸರಿನ ಬೋರ್ಡು ಹಾಕಿಸಬೇಕು ಅಂದಿರಲ್ಲ ಚಿಕ್ಕಮ್ಮ, ಅದರ ಬಗ್ಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಒಂದೇ ಗಿಳಿಗೆ ನಾಲ್ಕೈದು ಜನ ಪ್ರಾಯೋಜಕರು ಇರುವುದು ಎಲ್ಲ ಕಡೆ ಮಾಮೂಲು. ಮೋಸ ಅಲ್ಲ, ಮೊದಲೇ ಹೇಳಿದರೆ ಸಾಕು. ಮುದ್ದಾಗಿ ಮಾತಾಡುವ ಗ್ರೇಗೆ ಎಲ್ಲರೂ ಕೊಡುತ್ತಾರೆ. ಗರಿ ಇಲ್ಲದ, ಕಚ್ಚುವ ಹಸಿರು ಗಿಳಿಯನ್ನು ಯಾರೂ ಕೇಳುವುದಿಲ್ಲ. ಅದಕ್ಕೆ ಇಂಥದ್ದೇ ಗಿಳಿ ಅಂತ ಕಟ್ಟು ಹಾಕದೆ, ಎಲ್ಲಿ ಅಗತ್ಯ ಇದೆಯೋ ಅಲ್ಲಿ ಖರ್ಚು ಮಾಡಿ ಅಂತ ಕೊಡೋಣ. ಅಜ್ಜಿಗೂ ಬೋರ್ಡು ಗೀರ್ಡು ಹಿಡಿಸುತ್ತಿರಲಿಲ್ಲ ಅಲ್ವಾ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕ್ಯಾಶ್ ಬೇಡ. ಎರಡು ಸಾವಿರಕ್ಕಿಂತ ಜಾಸ್ತಿ ಕ್ಯಾಶ್ ಕೊಟ್ಟರೆ ದೇಣಿಗೆಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ, 80ಜಿ ಅಂತಾರಲ್ಲ, ಅದು ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಹೇಗೂ ಇಲ್ಲ, ಆಸೆ ಇಟ್ಟುಕೊಳ್ಳಬೇಡಿ. ನ್ಯೂಜೆರ್ಸಿಯ ಅಣ್ಣ, ನೀನು ಅಮೆರಿಕದ ಪಾಸ್‌ಪೋರ್ಟ್ ತಗೊಂಡಿದ್ದೀಯ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ನಿನ್ನದು ವಿದೇಶಿ ದೇಣಿಗೆ ಆಗುತ್ತದೆ. ಎಫ್‌ಸಿಆರ್‌ಎ ಅನ್ನುವ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಇಲ್ಲದ ಟ್ರಸ್ಟ್ ಅದನ್ನು ಮುಟ್ಟುವ ಹಾಗಿಲ್ಲ. ಅವರಿಗೆ ನೇರ ಕಳಿಸಿ ತೊಂದರೆಗೆ ಸಿಕ್ಕಿಸಬೇಡ. ನೀನು ತಿಥಿಯ ಊಟದ ಖರ್ಚು ನೋಡಿಕೋ, ಇಲ್ಲಿಯವರು ಇದನ್ನು ನೋಡಿಕೊಳ್ಳುತ್ತೇವೆ.

ನನ್ನ ಸಲಹೆ ಏನೆಂದರೆ, ಡಬ್ಬಿಗೆ ಅಂತ ತೆಗೆದಿಟ್ಟ ದುಡ್ಡಲ್ಲಿ ಅರ್ಧ ಈಗಲೇ ಕೊಡೋಣ, ಕೇಂದ್ರದವರು ಕ್ವಾರಂಟೈನ್ ಕೋಣೆಗೆ ಸ್ಟೀಲ್ ಜಾಲರಿ ಹಾಕಿಸಬೇಕು ಅಂತಿದ್ದಾರೆ. ಉಳಿದದ್ದು ಬ್ಯಾಂಕಿನಲ್ಲಿ ಇರಲಿ. ಮನೆಗೆ ಮುನ್ನೂರರ ಹಾಗೆ ಪ್ರತಿ ತಿಂಗಳು ಹಾಕೋಣ, ಯಾರಾದರೂ ಒಂದು ತಿಂಗಳು ತಪ್ಪಿಸಿದರೆ ಆ ಉಳಿದದ್ದರಿಂದ ತುಂಬಿಸೋಣ. ಮುಂದಿನ ತಲೆಮಾರಿನಿಂದ ಒಬ್ಬರು ಈಗಲೇ ಜೊತೆ ಸೇರಬೇಕು. ಅನನ್ಯ ಆಗಬಹುದು, ಅವಳಿಗೆ ಹದಿನೆಂಟು ತುಂಬಿದೆ, ಯುಪಿಐ ನಮಗಿಂತ ಚೆನ್ನಾಗಿ ಬರುತ್ತದೆ. ಲೆಕ್ಕ ರಘು ಮಾವನದು. ಕಾಳಿನ ಖರ್ಚು ಎಷ್ಟು, ಉಳಿದದ್ದು ಎಷ್ಟು ಅಂತ ಅವರೇ ರಸೀದಿ ನೋಡಿ ಗ್ರೂಪಿಗೆ ಹಾಕಲಿ. ಒಪ್ಪಿಗೆ ಇದ್ದವರು ಶನಿವಾರದೊಳಗೆ ಹೇಳಿ, ಭಾನುವಾರ ಹೋದಾಗ ಅವರ ಹತ್ತಿರ ಮಾತಾಡಿ ಬರುತ್ತೇನೆ. ಹಾಂ, ಹೇಮಾ ಅತ್ತೆ, ನಿಮ್ಮ ಪಕ್ಕದ ಮನೆಯವರು ಹಸಿರು ಗಿಳಿ ಮರಿ ತಂದಿದ್ದಾರೆ ಅಂದಿರಲ್ಲ, ಅದನ್ನು ಸಾಕುವುದು ಅಪರಾಧ ಅಂತ ಅವರಿಗೆ ಮೆಲ್ಲಗೆ ಹೇಳಿ, ಇಲ್ಲವಾದರೆ ನಂಬರ್ ಕಳಿಸಿ, ನಾನೇ ಮಾತಾಡುತ್ತೇನೆ.