ಫಿನ್ನಿಶ್ ಭಾಷಿಕರು, ಸ್ವೀಡಿಶ್ ಭಾಷಿಕರು ಮತ್ತು ವಂಶವಾಹಿಗಳು: ತಜ್ಞ ವೈದ್ಯೆಯೊಂದಿಗೆ ಪ್ರಶ್ನೋತ್ತರ

ವಾಸಾದ ಸದಸ್ಯೆ: ನಮಸ್ಕಾರ ಮೇಡಂ. ನಾನು ಹಾಸನದವಳು, ನನ್ನ ಪತಿ ಫಿನ್ಲೆಂಡಿನ ಪಶ್ಚಿಮ ಕರಾವಳಿಯ ಸ್ವೀಡಿಶ್ ಭಾಷಿಕರು. ಅವರ ಅಕ್ಕನ ಮಗು ಫಿನ್ನಿಶ್ ಬಗೆಯ ಜನ್ಮಜಾತ ನೆಫ್ರೋಸಿಸ್ ಎಂಬ ಮೂತ್ರಪಿಂಡದ ವಂಶಪಾರಂಪರ್ಯ ಕಾಯಿಲೆಯಿಂದ ತೀರಿಕೊಂಡಿತು. ಸ್ವೀಡಿಶ್ ಮನೆತನಕ್ಕೆ ಈ ಕಾಯಿಲೆ ಹೇಗೆ ಬಂತು? ನನ್ನ ತಾಯಿ ತಮ್ಮ ಸೋದರಮಾವನನ್ನೇ ಮದುವೆಯಾದವರು. ನಾನೀಗ ಗರ್ಭಿಣಿ, ಬಹಳ ಭಯವಾಗಿದೆ.

ವೈದ್ಯೆ: ಮೊದಲು ನಿಮ್ಮ ಭಯದ ವಿಷಯ. ಮಗುವಿಗೆ ಈ ಕಾಯಿಲೆ ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಒಂದೇ ವಂಶವಾಹಿಯ ದೋಷವುಳ್ಳ ಪ್ರತಿ ಬರಬೇಕು. ಅಂಥ ಒಂದೇ ಪ್ರತಿ ಇದ್ದು ತಮಗೆ ಕಾಯಿಲೆಯಿಲ್ಲದವರನ್ನು ವಾಹಕರು ಎನ್ನುತ್ತೇವೆ. ಅಕ್ಕ ವಾಹಕಿಯಾಗಿರುವುದರಿಂದ ನಿಮ್ಮ ಪತಿ ವಾಹಕರಾಗಿರುವ ಸಾಧ್ಯತೆ ಸುಮಾರು ಅರ್ಧದಷ್ಟಿದೆ. ನಿಮ್ಮ ತಂದೆ ತಾಯಿ ಸಂಬಂಧಿಕರಾಗಿದ್ದರು ಎಂಬ ಮಾತ್ರಕ್ಕೆ ನೀವು ಈ ದೋಷದ ವಾಹಕಿಯಾಗುವ ಸಾಧ್ಯತೆ ಹೆಚ್ಚುವುದಿಲ್ಲ. ನೀವು ಸಂಬಂಧದಲ್ಲಿ ಮದುವೆಯಾಗಿಲ್ಲವಲ್ಲ. ತಡಮಾಡದೆ ಪತಿಯ ಪರೀಕ್ಷೆ ಮಾಡಿಸಿ. ಅವರು ವಾಹಕರಾಗಿದ್ದರೆ ನಿಮಗೆ ಆ ವಂಶವಾಹಿಯ ಪೂರ್ಣ ಪರೀಕ್ಷೆ ಬೇಕು, ಏಕೆಂದರೆ ಫಿನ್ಲೆಂಡಿನಲ್ಲಿ ಸಾಮಾನ್ಯವಾದ ಎರಡು ದೋಷಗಳನ್ನಷ್ಟೇ ನೋಡಿದರೆ ಬೇರೆ ದೋಷಗಳು ಕಣ್ತಪ್ಪುತ್ತವೆ.

19ನೆಯ ವರ್ಣತಂತುವಿನಲ್ಲಿರುವ ಈ ವಂಶವಾಹಿಯನ್ನು 1998ರಲ್ಲಿ ಗುರುತಿಸಲಾಯಿತು. ಅದು ಕೆಟ್ಟರೆ ಮೂತ್ರಪಿಂಡದ ಸೋಸುಪದರದಿಂದ ಪ್ರೋಟೀನು ಗರ್ಭದಲ್ಲಿರುವಾಗಲೇ ಸೋರತೊಡಗುತ್ತದೆ. ಫಿನ್ಲೆಂಡಿನಲ್ಲಿ ಸುಮಾರು 8,000 ಜನನಗಳಿಗೆ ಒಂದರಂತೆ ಕಾಣುವ ಈ ಕಾಯಿಲೆಯ ಮಕ್ಕಳು ಈಗ ಮೂತ್ರಪಿಂಡ ಕಸಿಯಿಂದ ಬದುಕುತ್ತಾರೆ. ಇನ್ನು ಮನೆತನದ ಮಾತು: ಸ್ವೀಡಿಶ್ ವಲಸಿಗರು ಆ ಕರಾವಳಿಯಲ್ಲಿ 12–13ನೆಯ ಶತಮಾನಗಳಿಂದ ನೆಲೆಸಿದ್ದಾರೆ. ಅಂದಿನಿಂದ ಎರಡೂ ಭಾಷಿಕರ ನಡುವೆ ಮದುವೆಗಳು ನಡೆದಿವೆ, ಮನೆಮನೆಗಳೇ ಭಾಷೆ ಬದಲಿಸಿವೆ. ಇಂದು ಸ್ವೀಡಿಶ್ ಮಾತಾಡುವ ಕುಟುಂಬದ ಹಿರಿಯರಲ್ಲಿ ಫಿನ್ನಿಶ್ ಭಾಷಿಕರು ಇದ್ದಿರುವುದು ಸಹಜ.

ಎಸ್ಪೊದ ಸದಸ್ಯ: ಸ್ವೀಡಿಶ್ ಭಾಷಿಕರದು ಬೇರೆಯೇ ರಕ್ತವೆಂದು ಕೇಳಿದ್ದೇನೆ.

ತುರ್ಕುವಿನ ಸದಸ್ಯ: ಕೇಳಿದ್ದನ್ನೆಲ್ಲ ಬರೆಯಬೇಡಿ. ಮೇಲಿನ ಉತ್ತರ ಓದಿ.

ವೈದ್ಯೆ: ವ್ಯತ್ಯಾಸವಿದೆ, ಆದರೆ ಅದು ಪ್ರಮಾಣದ ವ್ಯತ್ಯಾಸ. ಹಾಲಿನ ಸಕ್ಕರೆ ಜೀರ್ಣವಾಗದವರು ಫಿನ್ನಿಶ್ ಭಾಷಿಕರಲ್ಲಿ ಸುಮಾರು ಶೇ. 17, ಅಲ್ಲಿನ ಸ್ವೀಡಿಶ್ ಭಾಷಿಕರಲ್ಲಿ ಸುಮಾರು ಶೇ. 8. ಫಿನ್ನಿಶ್ ಭಾಷಿಕರೊಳಗೇ ಪೂರ್ವದವರಿಗೂ ಪಶ್ಚಿಮದವರಿಗೂ ಗಣನೀಯ ಅಂತರವಿದೆ.

ಮೈಸೂರಿನ ಸದಸ್ಯ: ಓಲಂಡ್ ದ್ವೀಪದ ಸ್ವೀಡಿಶ್ ಭಾಷಿಕ ಕುಟುಂಬದಲ್ಲಿ 1926ರಲ್ಲಿ ಎರಿಕ್ ಫಾನ್ ವಿಲ್ಲೆಬ್ರಾಂಡ್ ವಿವರಿಸಿದ ರಕ್ತಸ್ರಾವದ ಕಾಯಿಲೆಯೂ ನೆಫ್ರೋಸಿಸ್‌ನಂತೆ ಫಿನ್ಲೆಂಡಿನಲ್ಲಿ ಹೆಚ್ಚಾಗಿ ಕಾಣುವ ವಂಶಪಾರಂಪರ್ಯ ಕಾಯಿಲೆಗಳ ಗುಂಪಿನದೇ?

ಬೆಂಗಳೂರಿನ ಸದಸ್ಯೆ: ನೆಗ್ಗಿಲುಮುಳ್ಳಿನ ಕಷಾಯವನ್ನು ಗರ್ಭಿಣಿ ಕುಡಿದರೆ ಮಗುವಿನ ಮೂತ್ರಪಿಂಡದ ವಂಶದೋಷ ತೊಳೆದುಹೋಗುತ್ತದೆ ಎಂಬ ಸಂದೇಶ ಬಂದಿದೆ. ಉಪಯೋಗವಾಗಲೆಂದು ಹಾಕಿದ್ದೇನೆ.

ವೈದ್ಯೆ: ದಯವಿಟ್ಟು ಅದನ್ನು ಅಳಿಸಿ. ವಂಶವಾಹಿಯ ದೋಷವನ್ನು ಯಾವ ಕಷಾಯವೂ ತೊಳೆಯದು. ಗರ್ಭಿಣಿಯೊಬ್ಬರು ಹೆದರಿ ಕುಳಿತಿರುವಾಗ ಇಂಥದನ್ನು ಹಾಕುವುದು ಅಪಾಯಕರ. ಅದನ್ನು ಯಾರೂ ಕುಡಿಯಬೇಡಿ.

ಬೆಂಗಳೂರಿನ ಸದಸ್ಯೆ: ಒಳ್ಳೆಯ ಮನಸ್ಸಿನಿಂದ ಹಾಕಿದವರಿಗೆ ಹೀಗೆ ಹೇಳಬಾರದಿತ್ತು.

ತುರ್ಕುವಿನ ಸದಸ್ಯ: ಅವರು ಹೇಳಿದ್ದು ಸರಿ. ಮನಸ್ಸು ಒಳ್ಳೆಯದಾದರೆ ಔಷಧ ಒಳ್ಳೆಯದಾಗುವುದಿಲ್ಲ.

ಎಸ್ಪೊದ ಸದಸ್ಯ: ನಿಮ್ಮನ್ನು ಯಾರು ಕೇಳಿದರು? ಮೇಡಂ, ಭಾಷೆ ನೋಡಿ ಮೂಲ ಹೇಳಬಹುದೇ?

ವೈದ್ಯೆ: ಇದಕ್ಕೆ ಉತ್ತರಿಸಿಯಾಗಿದೆ.

ಎಸ್ಪೊದ ಸದಸ್ಯ: ಒಂದು ಉದಾಹರಣೆಯನ್ನಾದರೂ ಕೊಡಿ.

ವೈದ್ಯೆ: ಸ್ವೀಡನ್ನಿನ ವರ್ಮ್‌ಲಾಂಡ್ ನೋಡಿ. ಕಾಡು ಕಡಿದು ಸುಟ್ಟು ಬೇಸಾಯ ಮಾಡುತ್ತಿದ್ದ ಪೂರ್ವ ಫಿನ್ಲೆಂಡಿನ ಸಾವೊ ಸೀಮೆಯ ಫಿನ್ನರು 16ನೆಯ ಶತಮಾನದ ಕೊನೆಯಿಂದ ಅಲ್ಲಿಗೆ ವಲಸೆ ಹೋದರು. ಅವರ ಫಿನ್ನಿಶ್ ಮಾತು 20ನೆಯ ಶತಮಾನದಲ್ಲಿ ಅಲ್ಲಿಂದ ಮರೆಯಾಯಿತು. ಸಂತತಿಯವರು ಸ್ವೀಡಿಶ್ ಮಾತಾಡುತ್ತಾ ಅಲ್ಲಿಯೇ ಇದ್ದಾರೆ. ಇದೇ ಪ್ರಶ್ನೆಗೆ ನಾನು ಮತ್ತೆ ಉತ್ತರಿಸುವುದಿಲ್ಲ.